ಒಂದು ಗಂಟೆಯ ಕೂಲಿ

ಐ.ಡಿ.ಹಳ್ಳಿಯ ನಮ್ಮ ಅತ್ತೆಯ ಮನೆಯಲ್ಲಿ ನನಗೆಂದೇ ಒಂದು ಕುರ್ಚಿ ಇತ್ತು. ಮದುವೆಯಾದ ಹೊಸತರಿಂದಲೂ ನಾನು ಅಂಗಳಕ್ಕೆ ಕಾಲಿಟ್ಟ ಕೂಡಲೇ ಅತ್ತೆ ಒಳಗಿನಿಂದ ಅದನ್ನು ತಂದು, ಸೆರಗಿನಲ್ಲಿ ಒರೆಸಿ, "ಕೂತ್ಕಳಿ ಮೇಷ್ಟ್ರೇ" ಅನ್ನುತ್ತಿದ್ದರು. ಮಧುಗಿರಿ ಪೇಟೆಯಲ್ಲಿ ಹುಟ್ಟಿ ಬೆಳೆದು, ಅಲ್ಲೇ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವನು ನಾನು. ಕುಡುಗೋಲು ಯಾವ ಕೈಯಲ್ಲಿ ಹಿಡಿಯುತ್ತಾರೆಂದು ಕೇಳಿದರೂ ಯೋಚನೆ ಮಾಡಿ ಹೇಳಬೇಕು. ಸುಗ್ಗಿಯಲ್ಲಿ ಮನೆಮಂದಿಯೆಲ್ಲ ದೂಳು ಕುಡಿಯುತ್ತಿದ್ದರೆ ನಾನು ಕುರ್ಚಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆ. ಒಕ್ಕಣೆ ಮುಗಿದ ಮೇಲೆ ಅತ್ತೆ ಕೆಲಸ ಮಾಡಿದ ಪ್ರತಿಯೊಬ್ಬರಿಗೂ ದುಡ್ಡಿನ ಜೊತೆಗೆ ಒಂದು ಸೇರು ಕಾಳು ಅಳೆದು ಕೊಡುತ್ತಿದ್ದರು. ಮೊರ ಹಿಡಿದು ತೂರಿದ್ದರೆ ನನ್ನ ಹೆಂಡತಿಗೂ ಒಂದು ಸೇರು. ಕೈ ಹಚ್ಚಿದವರಿಗೆ ಕಾಳು ಹಾಕದೆ ಕಣ ಗುಡಿಸಬಾರದು ಎನ್ನುವುದು ಆ ಮನೆಯ ಕಟ್ಟಳೆ. ನನಗೆ ಸಿಗುತ್ತಿದ್ದದ್ದು ಎರಡನೇ ಲೋಟ ಕಾಫಿ.

ಇದನ್ನು ಮೊದಲೇ ಹೇಳುತ್ತಿರುವುದು ಏಕೆಂದರೆ, ಮುಂದೆ ನಾನು ಮಾಡಿದ ಕೆಲಸ ಕೇಳಿದವರು ನನ್ನ ತಲೆ ನೆಟ್ಟಗಿದೆಯೇ ಎಂದು ಅನುಮಾನಪಡುತ್ತಾರೆ. ನಮ್ಮ ಸ್ಟಾಫ್ ರೂಮಿನಲ್ಲಿ ಈಗಲೂ ಪಡುತ್ತಾರೆ.

ಐವತ್ತು ದಾಟಿದ ವರ್ಷ ನಾನೊಂದು ಸ್ಪೋರ್ಟ್ಸ್ ಕಾರು ಕೊಂಡೆ. ಹದಿನೇಳು ವರ್ಷ ಹಳೆಯದು, ಕೆಂಪು ಬಣ್ಣ, ಎರಡೇ ಬಾಗಿಲು. ನನಗಿಂತ ಮುಂಚೆ ಇಬ್ಬರ ಕೈ ದಾಟಿ ಬಂದದ್ದು. ಅದರೊಳಗೆ ಕೂರುವುದೆಂದರೆ ಚಾಪೆಯ ಮೇಲೆ ಕೂತಂತೆ, ಏಳುವುದಕ್ಕೆ ಬಾಗಿಲು ಹಿಡಿದುಕೊಳ್ಳಬೇಕು. ಕೋಟೆಯ ಬೆಟ್ಟದ ಬುಡದ ರಸ್ತೆಯಲ್ಲಿ ಬೆಳಗಿನ ಹೊತ್ತು ಅದನ್ನು ಓಡಿಸುವಾಗ, ಬೀಡಿ ಸಿಗರೇಟು ಯಾವುದೂ ಇಲ್ಲದ ನನ್ನ ಬಾಳಿಗೆ ಇದೊಂದಿರಲಿ ಅನ್ನಿಸುತ್ತಿತ್ತು. ಹೆಂಡತಿ ಬೇಡವೆನ್ನಲಿಲ್ಲ. ಒಂದು ಷರತ್ತು ಮಾತ್ರ ಹಾಕಿದಳು: "ಒಂದು ಸಲದ ರಿಪೇರಿ ನಿಮ್ಮ ಒಂದು ತಿಂಗಳ ಸಂಬಳ ದಾಟಿದ್ರೆ ಗಾಡಿ ಮಾರಿಬಿಡಬೇಕು. ಆಮೇಲೆ ನೆಪ ಹೇಳಬಾರದು." ನಾನು ಅವಳ ಕೈಮೇಲೆ ಕೈ ಇಟ್ಟು ಒಪ್ಪಿದೆ. ಎರಡು ವರ್ಷ ಎಣ್ಣೆ ಬದಲಾಯಿಸಿದ್ದು ಬಿಟ್ಟರೆ ಕಾರು ಏನನ್ನೂ ಕೇಳಲಿಲ್ಲ.

ಕಳೆದ ಸುಗ್ಗಿಯ ಒಂದು ಭಾನುವಾರ ಅತ್ತೆಯ ಮನೆಗೆ ಹೋದೆವು. ನಮ್ಮ ಕಡೆ ಹುರುಳಿ ಕಿತ್ತು ಒಣಗಿಸಿ ಡಾಂಬರು ರಸ್ತೆಯ ಮೇಲೆ ಹರಡುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರು ಹರಿದು ಹರಿದು ಕಾಳು ಬಿಡುತ್ತದೆ. ಹೋಗಿ ಬರುವವರು ಬೈದುಕೊಳ್ಳುತ್ತಲೇ ಒಕ್ಕಿಕೊಟ್ಟು ಹೋಗುತ್ತಾರೆ. ಆವತ್ತು ಮಾತ್ರ ರಸ್ತೆ ಖಾಲಿ. ಮುಂದೆಲ್ಲೋ ಮೋರಿ ಕೆಲಸವೆಂದು ಗಾಡಿಗಳನ್ನೆಲ್ಲ ಬೇರೆ ದಾರಿಗೆ ತಿರುಗಿಸಿದ್ದರು. ಹುರುಳಿ ಬಳ್ಳಿ ಮೊಣಕಾಲುದ್ದ ಬಿದ್ದಿತ್ತು. ಅತ್ತೆ ಸೊಂಟದ ಮೇಲೆ ಕೈ ಇಟ್ಟುಕೊಂಡು ರಸ್ತೆಯ ಎರಡೂ ಕಡೆ ನೋಡಿದರು, ಆಮೇಲೆ ನನ್ನ ಕಾರು ನೋಡಿದರು.

"ಮೇಷ್ಟ್ರೇ, ಒಂದ್ ನಾಕು ಸುತ್ತು ಹೊಡೆದ್ಬುಡ್ತೀರಾ?"

ಅಷ್ಟು ವರ್ಷಗಳಲ್ಲಿ ಅವರು ನನಗೆ ಹೇಳಿದ ಮೊದಲನೇ ಕೆಲಸ ಅದು. ಆಗೋದಿಲ್ಲ ಅನ್ನುವುದು ಹೇಗೆ? ನಿಜ ಹೇಳಬೇಕೆಂದರೆ ಅನ್ನುವ ಮನಸ್ಸೂ ಇರಲಿಲ್ಲ. ನಾಲ್ಕು ಸುತ್ತು ಹದಿನಾಲ್ಕಾಯಿತು. ಅತ್ತೆ ಕವೆಗೋಲಿನಿಂದ ಬಳ್ಳಿ ತಿರುವಿ ಹಾಕುತ್ತಿದ್ದರು, ನಾನು ಹೋಗಿ ತಿರುಗಿಸಿಕೊಂಡು ಬರುತ್ತಿದ್ದೆ. ಸುಮಾರು ಒಂದು ಗಂಟೆ ಹಿಡಿಯಿತು. ಊರಿನ ನಾಲ್ಕಾರು ಮಂದಿ ನಿಂತು ನಗುತ್ತಿದ್ದರು. ನನಗೆ ಹೆಮ್ಮೆಯೋ ಹೆಮ್ಮೆ.

ಮಧುಗಿರಿಗೆ ವಾಪಸಾಗುವಾಗ ಕಾರಿನ ಹೊಟ್ಟೆಯಿಂದ ಕಿರ್ ಕಿರ್ ಸದ್ದು ಶುರುವಾಯಿತು. ಮಾರನೇ ದಿನ ರಜೆ ಹಾಕಿ ತುಮಕೂರಿನ ಕಡೆ ಹೊರಟರೆ, ಕೊರಟಗೆರೆ ಹತ್ತಿರ ಸುಟ್ಟ ವಾಸನೆ. ಜೀವ ಬಾಯಿಗೆ ಬಂತು. ಕಾರು ನಿಲ್ಲಿಸಿ ಬಾನೆಟ್ ಎತ್ತಿ, ಎಲ್ಲ ಬಲ್ಲವನ ಹಾಗೆ ನೋಡಿ, ಏನೂ ತಿಳಿಯದೆ ಮುಚ್ಚಿದೆ. ಆರಲು ಬಿಟ್ಟು, ಮತ್ತೆ ನಿಧಾನವಾಗಿ ಹೊರಟು, ಹೆದ್ದಾರಿ ಪಕ್ಕದ ಕಂಪನಿಯ ಸರ್ವೀಸ್ ಸೆಂಟರ್ ಮುಟ್ಟುವ ಹೊತ್ತಿಗೆ ಅಂಗಿ ಒದ್ದೆಯಾಗಿತ್ತು.

ಅದು ಗಾಜಿನ ಮನೆ. ನೆಲದಲ್ಲಿ ಮುಖ ಕಾಣುತ್ತದೆ. ಟೈ ಕಟ್ಟಿದ, ಬೆಂಗಳೂರಿನ ಮಾತಿನ ಒಬ್ಬ ಅಡ್ವೈಸರ್ ಬಂದು ಕಾರನ್ನು ಸ್ವಲ್ಪ ದೂರ ಓಡಿಸಿ, ಲಿಫ್ಟಿನಲ್ಲಿ ಎತ್ತಿಸಿ ನೋಡಿದ. ಈ ಜಾತಿಯ ಕಾರುಗಳಿಗೆ ಅಡಿಯಲ್ಲಿ ಉದ್ದಕ್ಕೂ ಒಂದು ಮುಚ್ಚಳವಿರುತ್ತದೆ, ಒಳಗಿನದೇನೂ ಕಾಣುವುದಿಲ್ಲ. ಅದನ್ನು ಬಿಚ್ಚುವುದಕ್ಕೂ ನಾನು ಸಹಿ ಹಾಕಬೇಕಂತೆ.

"ಇತ್ತೀಚೆಗೆ ಏನಾದ್ರೂ ಮೇಲೆ ಹತ್ತಿಸಿದ್ರಾ ಸಾರ್?" ಎಂದು ಕೇಳಿದ.

"ಇಲ್ಲಪ್ಪ," ಅಂದೆ.

ಆ ಹೊಳೆಯುವ ನೆಲದ ಮೇಲೆ ನಿಂತು, ನಾನು ಈ ಕಾರಿನಲ್ಲಿ ಹುರುಳಿ ಒಕ್ಕಿದೆ ಎಂದು ಹೇಳಲು ನಾಲಗೆ ಏಳಲಿಲ್ಲ.

ಆತ ಎಸ್ಟಿಮೇಟ್ ತಂದ. ಸದ್ದು ಗೇರ್‌ಬಾಕ್ಸಿನ ಕಡೆಯಿಂದ ಬರುತ್ತಿದೆ, ಎಂಜಿನ್ನು ಗೇರ್‌ಬಾಕ್ಸು ಎರಡನ್ನೂ ಇಳಿಸಿ ನೋಡಬೇಕಾಗಬಹುದು. "ಪಾರ್ಟ್ಸ್ ಜಾಸ್ತಿ ಆಗಲ್ಲ ಸಾರ್, ಲೇಬರ್ ಮಾತ್ರ. ಇಪ್ಪತ್ತಾರು ಗಂಟೆ. ಹಳೇ ಗಾಡಿ ನೋಡಿ, ಬೋಲ್ಟೆಲ್ಲ ತುಕ್ಕು ಹಿಡಿದಿರುತ್ತೆ, ಅದಕ್ಕೇ ಗಂಟೆ ಜಾಸ್ತಿ." ನನಗೆ ಸಿಟ್ಟು ನೆತ್ತಿಗೇರಿತು. ವಾರಪೂರ್ತಿ ಗಂಟಲು ಹರಿದುಕೊಂಡರೂ ನನ್ನದು ಇಪ್ಪತ್ತಾರು ಪೀರಿಯಡ್ ಆಗುವುದಿಲ್ಲ. ವಯಸ್ಸಾದದ್ದಕ್ಕೆ ಕಾರಿಗೆ ಇವರು ದಂಡ ಹಾಕುತ್ತಿದ್ದಾರೆ ಅನ್ನಿಸಿತು. ಕೆಳಗಿನ ಮೊತ್ತ ನನ್ನ ತಿಂಗಳ ಸಂಬಳವನ್ನು ಆರಾಮವಾಗಿ ದಾಟಿ ಹೋಗಿತ್ತು. ಅದನ್ನು ನೋಡಿದ ಮೇಲೆ ಸಿಟ್ಟು ಇಳಿದು ಹೋಗಿ ಬರೀ ದುಃಖ ಉಳಿಯಿತು. ಗಾಜಿನಾಚೆ ಲಿಫ್ಟಿನ ಮೇಲೆ ಕಾಲು ಇಳಿಬಿಟ್ಟುಕೊಂಡು ನಿಂತಿದ್ದ ನನ್ನ ಕೆಂಪು ಕಾರು ನೋಡಿ, ಕಣ್ಣು ತುಂಬಿದ್ದು ಸುಳ್ಳಲ್ಲ.

ಹೆಂಡತಿಗೆ ಫೋನ್ ಮಾಡಿದೆ. "ಸಂಬಳ ದಾಟಿತು ಕಣೆ. ಮಾರಿಬಿಡ್ತೀನಿ."

ಅವಳು ಕೇಳಿದ್ದು ಬೇರೆಯೇ: "ರೀ, ಹುರುಳಿ ವಿಷ್ಯ ಹೇಳಿದ್ರಾ?"

"ಇಲ್ಲ," ಅಂದೆ.

"ಹೋಮ್‌ವರ್ಕ್ ವಿಷ್ಯದಲ್ಲಿ ಸುಳ್ಳು ಹೇಳಿದ ಮಕ್ಕಳನ್ನ ಬಾಗಿಲಾಚೆ ನಿಲ್ಲಿಸ್ತೀರಲ್ಲ. ಮೊದಲು ಹೋಗಿ ಹೇಳಿ. ನಮ್ಮಮ್ಮ ಕಳ್ಳತನ ಏನೂ ಮಾಡಿಸಿಲ್ಲ."

ಕೊನೆಯ ಮಾತು ತಾಗಿತು. ನಾಚಿಕೆಪಡುತ್ತಿದ್ದದ್ದು ನನ್ನ ಬಗ್ಗೆ ಅಂದುಕೊಂಡಿದ್ದೆ. ಅವಳು ಹಾಗೆ ಅಂದ ಮೇಲೆ, ನಾನು ಅತ್ತೆಯ ಬಗ್ಗೆ ನಾಚಿಕೊಂಡು ನಿಂತಿದ್ದೆ ಎಂದು ತಿಳಿಯಿತು. ಫೋನ್ ಜೇಬಿಗಿಟ್ಟು ನೆಟ್ಟಗೆ ಕೌಂಟರಿಗೆ ಹೋದೆ. "ನಾನು ಸುಳ್ಳು ಹೇಳಿದೆ. ನಿನ್ನೆ ಈ ಕಾರಿನಲ್ಲಿ ಹುರುಳಿ ಒಕ್ಕಿದ್ದೀನಿ. ಹದಿನಾಲ್ಕು ಸುತ್ತು."

ಅಡ್ವೈಸರ್‌ಗೆ ಅರ್ಥವಾಗಲಿಲ್ಲ. "ಹುರುಳಿ ಲೋಡ್ ಮಾಡಿದ್ರಾ ಸಾರ್?" ಅಂದ. ಅಷ್ಟರಲ್ಲಿ ವರ್ಕ್‌ಶಾಪಿನ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ ನರೆಗಡ್ಡದ ಮೆಕ್ಯಾನಿಕ್ ಒಬ್ಬರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಅಯ್ಯೋ ಸಾ, ಇದ್ರಾಗೆ ಒಕ್ಕುದ್ರಾ? ಆಗ್ಲಿಂದ ನಂಗೆ ಹುರುಳಿ ಹುರಿದಂಗೆ ವಾಸ್ನೆ ಬತ್ತಾ ಇತ್ತು ಕಣ್ರೀ. ಈ ಗಾಜಿನ ಮನ್ಯಾಗೆ ಹುರುಳಿ ಎಲ್ಲಿಂದ ಬರ್ಬೇಕು ಅಂತ ಸುಮ್ಕಿದ್ದೆ. ನಮ್ದು ಸಿರಾ ತಾಲ್ಲೂಕು ಮದಲೂರು. ನಮ್ಮೂರಾಗೂ ಹಿಂಗೇ ರಸ್ತೆ ಮ್ಯಾಗೆ ಹಾಕ್ತೀವಿ." ಅಡ್ವೈಸರ್ ಕಡೆ ತಿರುಗಿ, "ಗೇರ್‌ಬಾಕ್ಸು ಇರ್ಲಿ ಬುಡಿ, ಮೊದ್ಲು ಮುಚ್ಚಳ ಬಿಚ್ಚಾನ" ಅಂದರು.

ಮುಚ್ಚಳಕ್ಕೆ ಮಾತ್ರ ಸಹಿ ಹಾಕಿದೆ. ಬೋಲ್ಟುಗಳು ತುಕ್ಕು ಹಿಡಿದಿದ್ದವು ನಿಜ, ಆದರೆ ಆ ಮನುಷ್ಯರ ಕೈಗೆ ಒಂದೊಂದಾಗಿ ಬಿಟ್ಟುಕೊಟ್ಟವು. ಮುಚ್ಚಳ ಇಳಿಯುತ್ತಿದ್ದಂತೆ ಒಂದು ಹೊರೆಯಷ್ಟು ಬಳ್ಳಿ ಸೊರ್ರೆಂದು ಅವರ ತಲೆಯ ಮೇಲೆ ಬಿತ್ತು. ಚಕ್ರ ತಿರುಗಿಸುವ ಶಾಫ್ಟಿಗೆ ಹುರುಳಿ ಬಳ್ಳಿ ಹಗ್ಗದಂತೆ ಹೊಸೆದುಕೊಂಡಿತ್ತು. ಸದ್ದು ಅದರದ್ದು. ಸೈಲೆನ್ಸರಿಗೆ ತಗುಲಿದ ಹೊಟ್ಟು ಕರಿಕಾಗಿತ್ತು. ವಾಸನೆ ಅದರದ್ದು. ಇನ್ನೊಂದಿಷ್ಟು ದೂರ ಓಡಿಸಿದ್ದರೆ ಬೆಂಕಿಯೇ ಹತ್ತುತ್ತಿತ್ತು ಎಂದು ಅವರು ಬೈದರು. ಕೈಮುಗಿದು ಬೈಸಿಕೊಂಡೆ. ಎಲ್ಲ ಕುಯ್ದು ತೆಗೆದು, ಗಾಳಿ ಹೊಡೆದು, ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದರೆ ಕಾರು ಮೊದಲಿನಂತೆಯೇ ಗುನುಗಿತು. ನನಗೆ ಹೋದ ಜೀವ ಬಂದ ಹಾಗಾಯಿತು.

ಒಂದು ಗಂಟೆಯ ಲೇಬರ್ ಹಾಕಿದರು. ಅಡ್ವೈಸರ್ ಹಳೆಯ ಎಸ್ಟಿಮೇಟನ್ನು ತಾನೇ ಹರಿದು, "ನೀವು ಮೊದಲೇ ಹೇಳಿದ್ರೆ ಇಷ್ಟೆಲ್ಲ ಬರೀತಾನೇ ಇರ್ಲಿಲ್ಲ ಸಾರ್" ಅಂದ. ಅವನನ್ನು ಮನಸ್ಸಿನಲ್ಲೇ ಅಷ್ಟು ಬೈದದ್ದಕ್ಕೆ ನನಗೇ ಕಸಿವಿಸಿಯಾಯಿತು. ಹೊರಡುವಾಗ ಮೆಕ್ಯಾನಿಕ್ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟರು. ಒಳಗೆ ಎರಡು ಹಿಡಿ ಹುರುಳಿ ಕಾಳು. "ನೆಲದ ಮ್ಯಾಗೆ ಬಿದ್ದಿತ್ತು. ತುಳಿಯಾಕೆ ಮನ್ಸು ಬರ್ಲಿಲ್ಲ ಸಾ."

ಮುಂದಿನ ಭಾನುವಾರ ಆ ಕವರನ್ನು ಅತ್ತೆಯ ಕೈಗಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವರು ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. ಕಾಳನ್ನು ಅಂಗೈಯಲ್ಲಿ ಆಡಿಸುತ್ತ, "ಒಂದು ಗಂಟೆಗೆ ಎಷ್ಟು ಇಸ್ಕಂಡ್ರು?" ಎಂದು ಕೇಳಿದರು. ಹೇಳಿದೆ. ಅವರು ಎದ್ದು ಒಳಗೆ ಹೋದರು. ಬೇಜಾರು ಮಾಡಿಕೊಂಡರೇನೋ ಎಂದು ನನಗೆ ಕಸಿವಿಸಿ.

ಬಂದಾಗ ಅವರ ಕೈಯಲ್ಲಿ ಸೇರು ಇತ್ತು, ಅದರಲ್ಲಿ ಬಾಯಿ ಮೀರಿ ತುಂಬಿದ ಹೊಸ ಹುರುಳಿ. "ಟವಲ್ ಹಿಡೀರಿ ಮೇಷ್ಟ್ರೇ. ಆವತ್ತು ನೀವೂ ಒಂದು ಗಂಟೆ ಮಾಡುದ್ರಿ. ಅವತ್ತೇ ಹಾಕ್ಬೇಕಿತ್ತು, ನಂಗೆ ಮರ್ತೋಯ್ತು. ಕೈ ಹಚ್ಚಿದೋರ್ಗೆ ಕಾಳು ಹಾಕ್ದೆ ಬುಡಬಾರ್ದು."

ನಾನು ಹೆಗಲ ಮೇಲಿನ ಟವಲ್ ಎರಡೂ ಕೈಯಲ್ಲಿ ಹಿಡಿದೆ. ಕಾಳು ಸುರಿದ ಭಾರಕ್ಕೆ ಅದು ಕೆಳಗೆ ಜಗ್ಗಿತು. ಆವತ್ತು ಅತ್ತೆ ಕುರ್ಚಿ ತಂದಿರಲಿಲ್ಲ ಎನ್ನುವುದು ಆಗ ನನ್ನ ಗಮನಕ್ಕೆ ಬಂತು. ಅವರು ಜಗಲಿಯ ಮೇಲೆ ಒಂಚೂರು ಸರಿದು ಕೂತರು, ನಾನು ಪಕ್ಕದಲ್ಲಿ ಕೂತೆ.