ಇಬ್ಬರಿಗೆ ಒಂದೇ ಸ್ಕೋರು

ಇಳಕಲ್ಲಿನ ಬ್ಯಾಂಕಿನಲ್ಲಿ ಮ್ಯಾನೇಜರು ಸಾಲ ಇಲ್ಲ ಎಂದಾಗ ನನಗೆ ಅಷ್ಟೇನೂ ಸಿಟ್ಟು ಬರಲಿಲ್ಲ. ಯಾಕಿಲ್ಲ ಎಂದು ಕೇಳಿದ್ದಕ್ಕೆ ಕಂಪ್ಯೂಟರಿನ ಕಡೆ ಕೈ ತೋರಿಸಿದರಲ್ಲ, ಆಗ ಮೈಯೆಲ್ಲ ಉರಿಯಿತು. ಹಳೆಯ ಸಾಲ ತೀರಿಸಿದ್ದಕ್ಕೆ ಕೊಡುವ ಸ್ಕೋರು ಕಡಿಮೆ ಇದೆಯಂತೆ. ಯಾಕೆ ಕಡಿಮೆ ಎಂದರೆ ಅವರಿಗೂ ಗೊತ್ತಿಲ್ಲವಂತೆ, ಮೊಬೈಲಿನಲ್ಲಿ ನಾನೇ ನೋಡಿಕೊಳ್ಳಬೇಕಂತೆ. ಮಹಿಳಾ ಸಂಘದಲ್ಲಿ ತೆಗೆದ ಸಾಲಕ್ಕೆ ಒಂದು ಕಂತೂ ತಪ್ಪಿಸದವಳು ನಾನು. ನೂಲಿನ ಅಂಗಡಿಯವರು ಇಂದಿಗೂ ನನ್ನ ಮಾತಿನ ಮೇಲೆ ರೇಷ್ಮೆ ಕೊಡುತ್ತಾರೆ. ಊರಿಗೆಲ್ಲ ಗೊತ್ತಿರುವುದು ಆ ಡಬ್ಬಿಗೆ ಗೊತ್ತಿರಲಿಲ್ಲ.

ನಾನು ಸಾಲ ಕೇಳಿದ್ದು ನಾವು ಬಾಡಿಗೆಗಿದ್ದ ಮನೆಯನ್ನು ಕೊಳ್ಳಲಿಕ್ಕೆ. ನಮ್ಮದು ಕುಣಿ ಮಗ್ಗ. ನೆಲ ಅಗೆದು ಮಾಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುವಂಥದ್ದು. ಓಣಿಯಲ್ಲಿ ಹೆಚ್ಚಿನವರು ಕುಣಿ ಮುಚ್ಚಿ ಪವರ್‌ಲೂಮ್ ಹಾಕಿದರು, ನಾನು ಮುಚ್ಚಲಿಲ್ಲ. ಮನೆಯ ಮಾಲೀಕರು ವಯಸ್ಸಾದ ಮುಸ್ಲಿಂ ವ್ಯಾಪಾರಿ, ಒಳ್ಳೆಯ ಮನುಷ್ಯ. ಮನೆ ಮಾರುತ್ತೇನೆ, ಮೊದಲು ನಿನ್ನನ್ನೇ ಕೇಳುತ್ತಿದ್ದೇನೆ, ಯುಗಾದಿಯ ತನಕ ಕಾಯುತ್ತೇನೆ ಎಂದಿದ್ದರು. ಬೇರೆಯವರು ಕೊಂಡರೆ ಕೆಡವಿ ಅಂಗಡಿ ಕಟ್ಟುವುದು ಗ್ಯಾರಂಟಿ. ಮಗ್ಗದ ಕಟ್ಟಿಗೆಯನ್ನು ಹೊತ್ತುಕೊಂಡು ಹೋಗಬಹುದು, ಕುಣಿಯನ್ನು ಹೇಗೆ ಹೊರುವುದು? ಹೊಸ ಬಾಡಿಗೆ ಮನೆಯಲ್ಲಿ ನೆಲ ಅಗೆಯಲು ಈಗ ಯಾರೂ ಬಿಡುವುದಿಲ್ಲ. ಮನೆ ಹೋದರೆ ನನ್ನ ನೇಯ್ಗೆಯೂ ಹೋದಂತೆಯೇ.

ಮೊಬೈಲಿನಲ್ಲಿ ನೋಡಲು ಹೋದೆ. ಓಟಿಪಿ ಕಳಿಸಿದ್ದೇವೆ ಎಂದು ತೋರಿಸಿತು, ನನ್ನ ಫೋನು ಮಾತ್ರ ಸುಮ್ಮನೆ ಬಿದ್ದಿತ್ತು. ಯಾವ ನಂಬರಿಗೆ ಕಳಿಸಿದ್ದಾರೆಂದು ಕನ್ನಡಕ ಏರಿಸಿ ನೋಡಿದರೆ ಕೊನೆಯ ಅಂಕಿಗಳು ಬಾದಾಮಿಯಲ್ಲಿರುವ ನಮ್ಮ ದೊಡ್ಡಪ್ಪನ ಮಗಳದು!

ಇದಕ್ಕೆ ನಮ್ಮ ಮನೆತನದ ರೂಢಿಯೇ ಕಾರಣ. ಅಜ್ಜಿ ತೀರಿಕೊಂಡ ಮೇಲೆ ದೊಡ್ಡಪ್ಪನಿಗೆ ಹುಟ್ಟಿದ ಮಗಳಿಗೂ ಅಜ್ಜಿಯ ಹೆಸರು, ನಮ್ಮಪ್ಪನಿಗೆ ಹುಟ್ಟಿದ ನನಗೂ ಅಜ್ಜಿಯ ಹೆಸರು. ಹಿರಿಯರ ಹೆಸರು ಹಿಡಿದು ಕೂಗಬಾರದೆಂದು ಮನೆಯಲ್ಲಿ ಅವಳು ದೊಡ್ಡಾಕಿ, ನಾನು ಸಣ್ಣಾಕಿ. ಹೀಗಾಗಿ ಯಾರಿಗೂ ಗೊಂದಲವೇ ಆಗಲಿಲ್ಲ. ಇಬ್ಬರನ್ನೂ ಒಂದೇ ದಿನ ಶಾಲೆಗೆ ಸೇರಿಸಿದಾಗ ಹೆಡ್‌ಮಾಸ್ತರರು ಆ ಕಾಲದ ಎಲ್ಲ ಮಕ್ಕಳಿಗೂ ಬರೆದಂತೆ ನಮಗೂ ಒಂದೇ ವರ್ಷದ ಜೂನ್ ಒಂದನ್ನೇ ಹುಟ್ಟಿದ ದಿನವೆಂದು ಬರೆದುಬಿಟ್ಟರು. ಸಂಬಂಧಿಕರಲ್ಲೇ ಕೊಟ್ಟಿದ್ದರಿಂದ ಮದುವೆಯಾದ ಮೇಲೂ ಇಬ್ಬರ ಅಡ್ಡಹೆಸರು ಬದಲಾಗಲಿಲ್ಲ. ಸ್ಕೋರು ಬರೆಯುವ ಕಂಪನಿಗೆ ಇಷ್ಟು ಸಾಕಾಯಿತು. ನಮ್ಮಿಬ್ಬರನ್ನೂ ಸೇರಿಸಿ ಒಬ್ಬಳನ್ನಾಗಿ ಮಾಡಿತ್ತು.

ಮರುದಿನವೇ ಬಾದಾಮಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಕ್ಕನನ್ನು ಬೈಯುವ ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದೆ. ಅವಳದು ಬಸ್ ಸ್ಟ್ಯಾಂಡಿನ ಹಿಂದೆ ಸಣ್ಣ ಖಾನಾವಳಿ. ಗುಡಿ, ಗುಹೆ ನೋಡಲು ಬಂದವರಿಗೆ ರೊಟ್ಟಿ ಊಟ ಹಾಕುತ್ತಾಳೆ. ಕೊರೊನಾ ಬಂದು ಎಲ್ಲ ಬಂದ್ ಆದಾಗ ಅವಳ ಸಾಲದ ಕಂತುಗಳು ನಿಂತಿದ್ದವು. ಆಮೇಲೆ ರೊಟ್ಟಿ ತಟ್ಟಿ ತಟ್ಟಿಯೇ ಪೂರ್ತಿ ತೀರಿಸಿದ್ದಳು. ನಾನು ಎಷ್ಟು ಕೂಗಾಡಿದರೂ ಎದುರಾಡದೆ ಓಟಿಪಿ ಹೇಳಿದಳು. ತೆರೆದು ನೋಡಿದರೆ ಅವಳ ತಪ್ಪಿದ ಕಂತುಗಳ ಜೊತೆಗೇ ನಾನು ಸರಿಯಾಗಿ ಕಟ್ಟಿದ ಸಂಘದ ಸಾಲವೂ ಕೂತಿತ್ತು. ಅವಳು ಅದನ್ನು ಬಹಳ ಹೊತ್ತು ನೋಡಿದಳು.

"ಬ್ಯಾರೆ ಮಾಡಿಸಿದ್ರ ನಂದು ಇನ್ನೂ ಕೆಳಗ ಹೋಗ್ತೈತಲ್ಲ, ತಂಗಿ?" ಎಂದಳು.

ಖಾನಾವಳಿಗೆ ದೊಡ್ಡ ಫ್ರಿಜ್ ತರಲು ಅವಳೂ ಸಾಲ ಕೇಳಬೇಕೆಂದಿದ್ದಳು.

"ಇರ್ಲಿ ಬಿಡು. ನಿನ್ನ ಮಗ್ಗ ಉಳೀಲಿ. ಎಲ್ಲಿ ಸಹಿ ಮಾಡ್ಲಿ ಹೇಳು."

ಸ್ಕೋರಿನ ಕಂಪನಿಗೆ ದೂರು ಹಾಕಿದೆವು. ಪರಿಶೀಲಿಸಿದ್ದೇವೆ, ಎಲ್ಲವೂ ಸರಿ ಇದೆ ಎಂಬ ಉತ್ತರ ಬಂತು. ಮತ್ತೆ ಹಾಕಿದರೆ ಮತ್ತೆ ಅದೇ ಉತ್ತರ. ಫೋನು ಹಚ್ಚಿದರೆ ಒಂದು ಒತ್ತಿರಿ, ಎರಡು ಒತ್ತಿರಿ; ಒತ್ತಿ ಒತ್ತಿ ನನ್ನ ಹೆಬ್ಬೆರಳು ಸವೆಯಿತೇ ಹೊರತು ಒಬ್ಬ ಮನುಷ್ಯನ ದನಿ ಕೇಳಲಿಲ್ಲ. ಬಿಡುವವಳು ನಾನಲ್ಲ. ಅಕ್ಕನಿಗೆ ಸಾಲ ಕೊಟ್ಟಿದ್ದ ಬ್ಯಾಂಕಿನ ದೊಡ್ಡ ಆಫೀಸು ಬಾಗಲಕೋಟೆಯ ನವನಗರದಲ್ಲಿತ್ತು. ಇಬ್ಬರೂ ಅಲ್ಲಿಗೆ ಹೋಗಿ ಸಾಹೇಬರ ಎದುರು ಕೂತೆವು. ಅರ್ಜಿ ಕೊಟ್ಟು ಹೋಗಿರಿ, ನೋಡೋಣ ಎಂದರು. ನೋಡುವವರೆಗೆ ಕೂತಿರುತ್ತೇವೆ ಎಂದೆ. ಮಧ್ಯಾಹ್ನವಾಯಿತು, ರೊಟ್ಟಿ ಗಂಟು ಬಿಚ್ಚಿ ಅಲ್ಲೇ ಉಂಡೆವು. ಶೇಂಗಾ ಚಟ್ನಿಯ ವಾಸನೆ ಆಫೀಸಿಗೆಲ್ಲ ಹರಡಿತು. ಸಾಹೇಬರು ಎದ್ದು ಬಂದು, ಕಂಪ್ಯೂಟರಿನಲ್ಲಿ ಒಬ್ಬರೇ ಇದ್ದಾರಲ್ಲಮ್ಮ ಎಂದರು.

"ಕಂಪ್ಯೂಟರಿನ್ಯಾಗ ಒಬ್ಬಾಕಿ ಇರ್ಬಹುದ್ರಿ. ನಿಮ್ಮ ಮುಂದ ಎಷ್ಟ ಮಂದಿ ಕುಂತೀವಿ, ಅಷ್ಟ ಎಣಸ್ರಿ," ಎಂದೆ.

ಅವರು ನಮ್ಮಿಬ್ಬರ ಆಧಾರ್, ಪ್ಯಾನ್ ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಸಂಜೆಯೊಳಗೆ ಅವರೇ ಆ ಕಂಪನಿಗೆ ಬರೆದು ಕಳಿಸಿದರು. ಉತ್ತರ ಬರುವಷ್ಟರಲ್ಲಿ ಯುಗಾದಿ ಮುಗಿದಿತ್ತು. ನಾನು ಮಾಲೀಕರ ಮನೆ ಬಾಗಿಲಿಗೆ ಹೋಗಿ, ಇನ್ನೂ ಸ್ವಲ್ಪ ದಿನ ತಡೆಯಿರಿ ಎಂದು ನಾಚಿಕೆ ಬಿಟ್ಟು ಕೇಳಿದೆ. ಅವರು ತಡೆದರು. ದಾಖಲೆ ಸರಿಯಾಯಿತು, ಸಾಲ ಸಿಕ್ಕಿತು, ಮನೆ ನನ್ನ ಹೆಸರಿಗೆ ಬಂತು. ರಿಜಿಸ್ಟ್ರಿಯಾದ ದಿನ ಕುಣಿಯಲ್ಲಿ ಕಾಲು ಬಿಟ್ಟು ಕೂತು ಮನಸಾರೆ ಅತ್ತೆ. ಆಮೇಲೆ ಸೆರಗು ನೇಯ್ದೆ.

ಅಕ್ಕನ ಸ್ಕೋರು ಅವಳು ಹೇಳಿದಂತೆಯೇ ಇನ್ನೂ ಇಳಿಯಿತು. ಫ್ರಿಜ್ಜಿಗೆ ಸಾಲ ಕೇಳಲು ಹೋದರೆ ಇಲ್ಲವೆಂದರು. ಅವಳು ನನಗೆ ಹೇಳಲೇ ಇಲ್ಲ. ಅವಳ ಸೊಸೆಯ ಬಾಯಿಂದ ಗೊತ್ತಾಯಿತು. ಮತ್ತೆ ಬಾದಾಮಿಯ ಬಸ್ಸು ಹತ್ತಿ, ಬೇಡ ಬೇಡ ಎನ್ನುತ್ತಿದ್ದವಳನ್ನು ಕೈ ಹಿಡಿದು ಎಳೆದುಕೊಂಡು ಬ್ಯಾಂಕಿಗೆ ಹೋದೆ.

ಜಾಮೀನು ಯಾರಾದರೂ ಇದ್ದರೆ ನೋಡಬಹುದು ಎಂದರು ಅಲ್ಲಿನ ಮ್ಯಾನೇಜರು. ನಾನು ನಿಲ್ಲುತ್ತೇನೆ ಎಂದೆ. ಅವರು ನನ್ನ ಕಾಗದ ನೋಡಿದರು, ಅವಳದು ನೋಡಿದರು, ಆಮೇಲೆ ಕನ್ನಡಕ ತೆಗೆದು ತಿಳಿಸಿ ಹೇಳಿದರು: ಇವರು ಕಂತು ತಪ್ಪಿಸಿದರೆ ಅದು ನಿಮ್ಮ ಸ್ಕೋರಿಗೆ ಹತ್ತುತ್ತದೆ, ಗೊತ್ತಲ್ಲ?

"ಗೊತ್ತೈತ್ರಿ," ಎಂದೆ. "ಆವಾಗ ಅಕೀ ಸಾಲ ನನ್ನ ಕೇಳದ ನನಗ ಹಚ್ಚಿದ್ರಿ. ಈಗ ನಾನ ಹೇಳಾಕತ್ತೀನಿ, ಹಚ್ಚರಿ."