ವಾರ ತಡವಾಗಿ ಸತ್ತ ಶೇಷಮ್ಮ

"ಇವತ್ತೂ ನಮ್ಮ ಕಡೆ ಸೊನ್ನೆ! ಯಾರೂ ಸತ್ತಿಲ್ಲ ಮಾರಾಯ್ರೆ," ಎಂದು ಬಣಕಲ್‌ನ ಹೋಟೆಲಿನ ಯಜಮಾನರು ಟೀವಿ ನೋಡುತ್ತಾ ಖುಷಿಯಿಂದ ಸಾರಿದರು. ಹಂದಿಜ್ವರದ ವರ್ಷವದು.

"ಹಾಗಾದ್ರೆ ನಾವೀಗ ಮಣ್ಣು ಮಾಡಿ ಬಂದದ್ದು ಯಾರನ್ನ?" ಎಂದೆ. ನನ್ನ ಮಗಳಿಗೆ ದಿನವೂ ಜಡೆ ಹೆಣೆಯುತ್ತಿದ್ದ ಪಕ್ಕದ ಮನೆಯ ಶೇಷಮ್ಮ, ಜ್ವರ ಬಂದು ಉಸಿರು ಕಟ್ಟಿ ಹಿಂದಿನ ದಿನವಷ್ಟೇ ತೀರಿಕೊಂಡಿದ್ದರು.

"ಅವ್ರ ರಿಪೋರ್ಟ್ ಇನ್ನೂ ಬಂದಿಲ್ವಲ್ಲ, ಲೆಕ್ಕಕ್ಕೆ ಬರಲ್ಲ," ಎಂದು ಯಜಮಾನರು ಸಮಾಧಾನ ಹೇಳಿ ಬಿಸಿ ಬನ್ಸ್ ತಂದಿಟ್ಟರು. ಹೊಳೆಯಲ್ಲಿ ಮಿಂದು ಬಂದಿದ್ದ ನಾವೆಲ್ಲ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತು ಕಾಫಿ ಕುಡಿದೆವು.

ವಾರ ಕಳೆದು ರಿಪೋರ್ಟ್ ಬಂತು. ನಮ್ಮೂರಲ್ಲೂ ಒಂದು ಸಾವು ಎಂದು ಅಂದು ಸಂಜೆ ಟೀವಿಯಲ್ಲಿ ಹೇಳಿದರು. ಮರುದಿನ ಹೋಟೆಲಿನ ಬಾಗಿಲು ಮುಚ್ಚಿತ್ತು. ಮೂಗಿಗೆ ಟವೆಲ್ ಬಿಗಿದುಕೊಂಡಿದ್ದ ಯಜಮಾನರು ಕಿಟಕಿಯಿಂದಲೇ ಕೂಗಿದರು: "ಹತ್ರ ಬರ್ಬೇಡಿ! ನಿನ್ನೆ ಇಲ್ಲಿ ಯಾರೋ ಸತ್ತಿದ್ದಾರಂತೆ!"

"ಅದು ನಮ್ಮ ಶೇಷಮ್ಮನೇ," ಎಂದೆ.

"ಅವ್ರು ಹೋದ ವಾರವೇ ಸತ್ರಲ್ಲ ಮಾರಾಯ್ರೆ, ಇದು ಹೊಸದು," ಎಂದು ಕಿಟಕಿಯನ್ನೂ ಮುಚ್ಚಿಕೊಂಡರು.

ಆಮೇಲೆ ಟೀವಿಯವರು ಸೊನ್ನೆ ಎಂದಾಗಲೆಲ್ಲ ನನಗೆ ನೆಮ್ಮದಿಯಾಗುತ್ತಿರಲಿಲ್ಲ. ಯಾವ ಮನೆಯವರು ತಿಥಿ ಊಟವನ್ನೂ ಮುಗಿಸಿಕೊಂಡು ರಿಪೋರ್ಟಿಗೆ ಕಾಯುತ್ತಿದ್ದಾರೋ ಎನಿಸುತ್ತಿತ್ತು.