ಅಳದ ಮಗಳ ಬಗ್ಗೆ ಒಂದು ಚರ್ಚೆ

ಅಮ್ಮ ತೀರಿಕೊಂಡ ಮೇಲೆ ಇವತ್ತು ಮೊದಲ ಸಲ ಅವಳ ಬೀರು ತೆಗೆದೆ. ನುಸಿಗುಳಿಗೆಯ ವಾಸನೆ ಬಂತು. ನಮ್ಮ ಲಕ್ಷ್ಮೀಪುರಂ ಶಾಲೆಯ ಲೈಬ್ರರಿಗೂ ಇದೇ ವಾಸನೆಯಿತ್ತು.

ಕನ್ನಡ ಮೇಡಂ ಅಲ್ಲಿ ನಮ್ಮನ್ನು ಗುಂಪಾಗಿ ಕೂರಿಸಿ ಕಾದಂಬರಿ ಚರ್ಚೆ ಮಾಡಿಸುತ್ತಿದ್ದರು. ಒಂದು ಕಾದಂಬರಿಯಲ್ಲಿ ತಾಯಿ ಸತ್ತರೂ ಮಗಳು ಅಳುವುದಿಲ್ಲ.

"ಕಲ್ಲು ಮನಸ್ಸು ಕಣೇ ಅವಳ್ದು," ಎಂದು ನಾವೆಲ್ಲ ತೀರ್ಪು ಕೊಟ್ಟೆವು.

ಆಗಷ್ಟೇ ಅಮ್ಮನನ್ನು ಕಳೆದುಕೊಂಡಿದ್ದ ಸುಮಾ ಮೆಲ್ಲಗೆ ಹೇಳಿದಳು: "ಅಳು ಬರಲ್ಲ ಕಣ್ರೇ. ಅವತ್ತು ನಾನು ಬಂದೋರ ಚಪ್ಪಲಿ ಜೋಡಿಸ್ತಾ ಕೂತಿದ್ದೆ."

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಬೆಲ್ಲು ಹೊಡೆಯುವವರೆಗೂ ಒರೆಸುತ್ತಲೇ ಇದ್ದರು.

ನನಗೂ ಇನ್ನೂ ಅಳು ಬಂದಿಲ್ಲ. ಅಮ್ಮನ ಸೀರೆಗಳನ್ನು ಬಿಚ್ಚಿ ಮತ್ತೆ ಮಡಿಸುತ್ತಿದ್ದೇನೆ. "ಕಾಫಿ ಆರೋಗ್ತಾ ಇದೆ, ಬಾರೇ," ಎಂದು ಅಕ್ಕ ಕರೆಯುತ್ತಾಳೆ. ಬಂದೆ ಎನ್ನುತ್ತೇನೆ. ಇನ್ನೊಂದು ಸೀರೆ ಬಿಚ್ಚುತ್ತೇನೆ.